ಒಂಬತ್ತನೇ ವಾರ್ಡಿನ ಸದಸ್ಯರ ಹೆಸರು

ನಾಮೊಲ್ ದ್ವೀಪದ ಪಂಚಾಯತಿ ಸಭೆಗೆ ಹದಿನೈದು ಸದಸ್ಯರು, ಒಂದು ಗರಾಮುಟ್, ಒಂದು ನಿಯಮಾವಳಿ ಪುಸ್ತಕ. ಗರಾಮುಟ್ ಅಂದರೆ ದಿಮ್ಮಿ ಕೊರೆದು ಮಾಡಿದ ನಗಾರಿ. ಬಾಗಿಲು ಕಾಯುವವನು ಅದನ್ನು ಬಡಿದರೆ ವೋಟಿಗೆ ಕರೆ ಬಂತು ಅಂತ ತಿಳಿದು, ಮರದಡಿ ಕೂತಿದ್ದ ಸದಸ್ಯರು ಬಾಯಲ್ಲಿದ್ದ ಅಡಿಕೆ ಉಗಿದು ಒಳಗೆ ಬರುತ್ತಾರೆ. ಪುಸ್ತಕದ ಸದ್ದು ಮಾತ್ರ ಅವರಿಗೆ ಕೇಳಿಸುವುದಿಲ್ಲ. ಅದನ್ನು ಮೊದಲಿಂದ ಕೊನೆಯವರೆಗೆ ಓದಿದವಳು ಇಡೀ ದ್ವೀಪದಲ್ಲಿ ಒಬ್ಬಳೇ: ಸಹಾಯಕ ಕಾರ್ಯದರ್ಶಿ ಒಡೀಲಿಯಾ.

ಅವಳು ಹುಟ್ಟಿದ್ದು ದ್ವೀಪದ ಪೂರ್ವದ ಮಗ್ಗುಲಲ್ಲಿ, ಅಂಗೈಯಗಲ ನೆಲವಿಲ್ಲದ ಮೀನುಗಾರರ ಮನೆಯಲ್ಲಿ. ಅಲ್ಲಿಯವರು ವಾರಕ್ಕೆರಡು ಸಲ ಒಣಮೀನು ಹೊತ್ತು ಬಂದು, ಕಾಡಿನವರು ತಾಳೆಮರದ ತಿರುಳಿಂದ ತೆಗೆದ ಸಾಗೊ ಹಿಟ್ಟಿಗೆ ಬದಲಾಯಿಸಿಕೊಂಡು ಹೋಗಬೇಕು. ಹತ್ತು ಮೀನಿಗೆ ಒಂದು ಬುಟ್ಟಿ ಹಿಟ್ಟು. ಒಂಬತ್ತೇ ಮೀನಿಟ್ಟು ಹತ್ತು ಅಂದವನ ಬುಟ್ಟಿ ಅಲ್ಲೇ ಬೋರಲಾಗುತ್ತಿತ್ತು. ಆ ಸಂತೆಯಲ್ಲಿ ಬೆಳೆದ ಹುಡುಗಿಗೆ ಬಾಯಿಗಿಂತ ಕಣ್ಣು ಚುರುಕು. ಗುಡ್ಡೆಯಲ್ಲಿ ಒಂದು ಕಮ್ಮಿಯಿದ್ದರೆ ಎಣಿಸುವ ಮೊದಲೇ ಗೊತ್ತಾಗುತ್ತಿತ್ತು.

ಮಿಷನ್ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಟೈಪು ಕಲಿತು, ಪಂಚಾಯತಿ ಕಚೇರಿಗೆ ಸೇರಿದಳು. ಪಶ್ಚಿಮದ ಮಗ್ಗುಲಿನ ಸಿಪ್ರಿಯಾನ್ ಎಂಬ ದೋಣಿಯವನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ಟೈಪು ಮಾಡಿ ಮಾಡಿ ಸಭೆಯ ಭಾಷೆ ಬೆರಳಿಗೆ ಹತ್ತಿತು, ಬೆರಳಿಂದ ತಲೆಗೆ ಏರಿತು. ಮೂವತ್ತಾರನೆಯ ವಯಸ್ಸಿಗೆ, ರಾಜಧಾನಿ ಪೋರ್ಟ್ ಮೋರೆಸ್ಬಿಯ ಒಂದು ಕಾಲೇಜು ಅಂಚೆಯಲ್ಲಿ ಕಲಿಸುವ ಶಾಸನಸಭೆಯ ಕಾನೂನಿನ ಪಾಠಕ್ಕೆ ಹೆಸರು ಕೊಟ್ಟಳು. ಆರು ಪುಸ್ತಕ, ಆರು ಪರೀಕ್ಷೆ.

ಮೊದಲ ಪುಸ್ತಕವನ್ನು ಸಿಪ್ರಿಯಾನ್ ಪ್ರಾಂತದ ದೊಡ್ಡ ಪೇಟೆ ಲೊರೆಂಗಾವಿನ ಅಂಚೆಕಚೇರಿಯಿಂದ ತಂದ. ನಾಲ್ಕು ಗಂಟೆ ದೋಣಿ ಹಾದಿ. ಪ್ಲಾಸ್ಟಿಕ್ ಚೀಲ, ಅದರ ಮೇಲೊಂದು ಚೀಲ, ಅದರ ಮೇಲೆ ತನ್ನ ಅಂಗಿ.

"ತಗೋ. ನಾನು ನೆಂದೆ, ಕಾನೂನು ನೆನೀಲಿಲ್ಲ" ಅಂದ. ಅವಳು ಓದಲು ಕೂತರೆ ಹಿಂದೆ ನಿಂತು ಕೈ ಎತ್ತುತ್ತಿದ್ದ. "ಪೀಠದ ಅಪ್ಪಣೆ ಆದ್ರೆ ಒಂದು ಮಾತು. ಊಟ ಎಷ್ಟೊತ್ತಿಗೆ?"

"ಪ್ರಶ್ನೆಗೆ ಮುಂಚಿತವಾಗಿ ನೋಟಿಸ್ ಕೊಟ್ಟಿಲ್ಲ. ಕೂತ್ಕೊಳ್ಳಿ" ಅನ್ನುತ್ತಿದ್ದಳು ಒಡೀಲಿಯಾ.

ಹೀಗೆ ಎರಡು ಪುಸ್ತಕ ಮುಗಿಯಿತು. ಮೂರನೆಯದನ್ನು ತರಲು ಹೋದ ಸಿಪ್ರಿಯಾನ್ ವಾಪಸು ಬರಲಿಲ್ಲ.

ವಾಯವ್ಯದ ಗಾಳಿ ಏಳುವ ಕಾಲ ಅದು. ಅವನು ಲೊರೆಂಗಾವಿನಿಂದ ಹೊರಟಿದ್ದನ್ನು ಕಂಡವರಿದ್ದಾರೆ, ಆಮೇಲೆ ಕಂಡವರಿಲ್ಲ. ಹುಡುಕಲು ದೊಡ್ಡ ಎಂಜಿನ್ನಿನ ದೋಣಿ ಬೇಕಿತ್ತು. ದ್ವೀಪದಲ್ಲಿ ಅಂಥದ್ದು ಒಂದೇ, ಪಂಚಾಯತಿಯದು. ಅದು ಆಗ ಅಧ್ಯಕ್ಷರ ಸೋದರಳಿಯನ ಮದುವೆಗೆ ಹಂದಿ ಸಾಗಿಸುತ್ತಿತ್ತು. ಹಂದಿ ಸಾಗಿಸಿ, ನೆಂಟರನ್ನು ಸಾಗಿಸಿ, ತೊಳೆಸಿಕೊಂಡು ಮೂರನೆಯ ದಿನ ಬಂತು. ಐದನೆಯ ದಿನ ಹವಳದ ದಂಡೆಯ ಮೇಲೆ ಒಂದು ಪೆಟ್ರೋಲ್ ಕ್ಯಾನು ಸಿಕ್ಕಿತು. ದೋಣಿಯಿಲ್ಲ, ದೇಹವಿಲ್ಲ. ಕಾಲೇಜಿಗೆ ಬರೆದಿದ್ದಕ್ಕೆ ಅವರು ಮೂರನೆಯ ಪುಸ್ತಕದ ಇನ್ನೊಂದು ಪ್ರತಿ ಕಳಿಸಿಕೊಟ್ಟರು.

ಹೆಂಗಸರು ಎದೆ ಬಡಿದುಕೊಂಡು ಅಳಲು ಬಂದರು. ಒಡೀಲಿಯಾ ಅವರಿಗೆ ಚಾಪೆ ಹಾಕಿದಳು, ನೀರು ಕೊಟ್ಟಳು, ಪಕ್ಕದಲ್ಲಿ ಕೂತಳು. ಅಳು ಬರಲಿಲ್ಲ. ಬರುತ್ತದೇನೋ ಅಂತ ಕಾದಳು, ದೋಣಿ ಕಾದ ಹಾಗೆ. ನಾಲ್ಕನೆಯ ವಾರ ಕಚೇರಿಗೆ ಹೋಗಿ ಟೈಪು ಯಂತ್ರದ ಧೂಳು ಒರೆಸಿದಳು. "ಆ ಹೆಂಗಸಿಗೆ ಒಳಗೆ ಸುಣ್ಣದಕಲ್ಲು ಇಟ್ಟಿದಾರೆ" ಅಂದರು ಊರವರು. ಅವಳ ಕಿವಿಗೂ ಬಿತ್ತು. ಇರಬಹುದು ಅಂದುಕೊಂಡಳು.

ಸಿಪ್ರಿಯಾನ್ ಸತ್ತ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. 'ಬರಬೇಕಿದೆ' ಅನ್ನುತ್ತಿದ್ದರು. ದೇಹ ಸಿಗದವನಿಗೆ ಕಡೇ ಊಟ ಹಾಕಿಸಬೇಕಾದರೆ ಮನೆಯವರಲ್ಲಿ ಯಾರಾದರೂ ಮೊದಲು ಸತ್ತ ಅನ್ನಬೇಕು. ಆ ಮೊದಲ ಮಾತು ಯಾರಿಗೂ ಬೇಡ. ಹನ್ನೊಂದು ತಿಂಗಳು ಪ್ರತಿ ಸಂಜೆ ಅವಳು ಎರಡು ತಟ್ಟೆ ಇಟ್ಟಳು. ಒಂದರಲ್ಲಿ ಉಂಡಳು, ಇನ್ನೊಂದನ್ನು ತೊಳೆದು ಬೋರಲು ಹಾಕಿದಳು. ಪುಸ್ತಕದಲ್ಲಿ ಇದಕ್ಕೊಂದು ಹೆಸರಿತ್ತು: ದಿನ ಗೊತ್ತುಮಾಡದೆ ಮುಂದೂಡಿದ ಸಭೆ.

ವಾರಕ್ಕೊಮ್ಮೆ ಅವಳ ಮೆಟ್ಟಿಲ ಮೇಲೆ ಒಂದು ಪೊಟ್ಟಣ ಸಾಗೊ, ಎರಡು ಮೀನು ಇರುತ್ತಿತ್ತು. ಇಟ್ಟು ಹೋಗುತ್ತಿದ್ದವನು ಸಿಪ್ರಿಯಾನನ ಅಣ್ಣ, ಒಂಬತ್ತನೇ ವಾರ್ಡಿನ ಸದಸ್ಯ. ಅವನು ಅವಳಿಗೆ ತಂಬು, ಅಂದರೆ ಮುಟ್ಟುವುದು, ಮಾತಾಡಿಸುವುದು ಕೂಡದ ಗಂಡನ ಕಡೆಯ ನೆಂಟ. ಎದುರು ಕೂತು ಉಣ್ಣುವಂತಿಲ್ಲ, ಕೈಯಿಂದ ಕೈಗೆ ಕೊಡುವಂತಿಲ್ಲ, ನೇರ ಮಾತಾಡುವಂತಿಲ್ಲ. ಹೆಸರಂತೂ ನಾಲಿಗೆಗೆ ತರುವ ಹಾಗೇ ಇಲ್ಲ. ನಮಗೇನು ಅಡ್ಡಿಯಿಲ್ಲ, ನಾವು ಹೇಳಬಹುದು: ಅಲೋಯಿಸ್ ಪೋಮಾಟ್. ಪೋಮಾಟ್ ಅನ್ನುವುದು ಅವನಪ್ಪನ ಹೆಸರು. ಒಡೀಲಿಯಾ ಅದನ್ನು ಹೇಳಿದರೆ ಒಂದೇ ಉಸಿರಲ್ಲಿ ಭಾವನನ್ನೂ ಮಾವನನ್ನೂ ಕರೆದ ಹಾಗೆ. ಗಂಡ ಸತ್ತು ಕಡೇ ಊಟವಾದ ಮೇಲೆ ಹೆಂಗಸಿನ ನಾಲಿಗೆಗೆ ಹಾಕಿದ ಈ ಗಂಟು ಬಿಚ್ಚುತ್ತದೆ. ಅದಕ್ಕೆ ಮೊದಲೇ ಹೇಳಿದಳೋ, ಗಂಡ ಸತ್ತ ಅಂತ ಅವಳೇ ಸಾರಿದಂತೆ. ಆ ಮಾತನ್ನು ಯಾರಿಂದಲೂ ವಾಪಸು ತಗೊಳ್ಳಲಾಗುವುದಿಲ್ಲ.

ಅದಕ್ಕೇ ನಾಲ್ಕನೆಯ ಪುಸ್ತಕ ಅವಳಿಗೆ ಹಿಡಿಸಿತು. ಸಭೆಯಲ್ಲಿ ಸದಸ್ಯರನ್ನು ಹೆಸರು ಹಿಡಿದು ಕರೆಯಬಾರದು, ಇಂಥ ವಾರ್ಡಿನ ಸದಸ್ಯರು ಅನ್ನಬೇಕು. ಯಾರಾದರೂ ಪುಂಡಾಟ ಮಾಡಿದರೆ ಪೀಠ ಅವನ ಹೆಸರನ್ನು ಬಾಯಿಬಿಟ್ಟು ಹೇಳುತ್ತದೆ, ಅದೇ ಅವನಿಗೆ ಶಿಕ್ಷೆ ಅಂತ ಅದರಲ್ಲಿತ್ತು. ಪುಸ್ತಕ ಹಿಡಿದು ಕಾರ್ಯದರ್ಶಿ ಮಥಿಯಾಸರ ಹತ್ತಿರ ಹೋದಳು. ಅವರಿಗೆ ಅರವತ್ತೆಂಟು; ಕಣ್ಣಿಗೆ ಪೊರೆ, ಹಲ್ಲಿಗೆ ಅಡಿಕೆಯ ಕೆಂಪು. ಎಲ್ಲರೂ ಅವರನ್ನು ಮುದುಕಪ್ಪ ಅಂತಲೇ ಕರೆಯುವುದು.

"ನೋಡಿ ಮುದುಕಪ್ಪ, ಬಿಳಿಯರಿಗೂ ತಂಬು ಇದೆ."

"ಇರತ್ತೆ. ಒಬ್ರ ಮನೆ ಹೆಣ್ಣನ್ನ ಒಬ್ರು ತಂದಮೇಲೆ ಬಾಯಿಗೆ ಬೀಗ ಹಾಕ್ಲೇಬೇಕಲ್ಲ" ಅಂದರು ಮಥಿಯಾಸ್. "ಆದ್ರೆ ಹೆಸರು ಕೂಗಿ ವೋಟು ತಗೊಳ್ಳೋವಾಗ ಹೆಸರೇ ಬೇಕು. ಮೂವತ್ತೊಂದನೇ ನಿಯಮ."

"ನಿಮ್ಮ ಹೆಂಡತಿ ತಮ್ಮ ಸದಸ್ಯರಾಗಿದ್ರಲ್ಲ, ಆಗೇನು ಮಾಡ್ತಿದ್ರಿ?"

"ಮೇಜು ತಟ್ತಿದ್ದೆ. ಎರಡು ಸಲ. ಅವ್ನು ಹ್ಞೂಂ ಅಂತಿದ್ದ. ಆರು ವರ್ಷ ನಡೀತು. ಆಮೇಲೆ ಸೋತೋನೊಬ್ಬ ಲೊರೆಂಗಾವಿಗೆ ದೂರು ಕೊಟ್ಟ. ಮೇಜಿನ ಸದ್ದು ಹೆಸರಲ್ಲ ಅಂತ ಪತ್ರ ಬಂತು. ಫೈಲಲ್ಲಿದೆ, ಇಲಿ ತಿಂದಿಲ್ಲ ಅಂದ್ರೆ."

ಅದಾದ ಮೂರನೆಯ ವಾರ ಮೆಟ್ಟಿಲ ಮೇಲೆ ಸಾಗೊ ಪೊಟ್ಟಣದ ಕೆಳಗೆ ಒಂದು ಕಾಗದ ಇತ್ತು. ಅಧ್ಯಕ್ಷರ ಮೇಲೆ ಅವಿಶ್ವಾಸ ಗೊತ್ತುವಳಿ. ಸೂಚಕರು ಒಂಬತ್ತನೇ ವಾರ್ಡಿನ ಸದಸ್ಯರು. ಕಾರಣ: ಪಂಚಾಯತಿ ದೋಣಿಯನ್ನು ಹಂದಿ ಸಾಗಿಸಲು ಕೊಟ್ಟು, 'ಬರಬೇಕಿರುವ' ಒಬ್ಬ ಮನುಷ್ಯನನ್ನು ಹುಡುಕಲು ಕಳಿಸದೆ ಇದ್ದದ್ದು.

ಅವಳು ಕಾಗದವನ್ನು ಎರಡು ಸಲ ಓದಿದಳು. ಏನೂ ಅನ್ನಿಸಲಿಲ್ಲ. ಗೊತ್ತುವಳಿಯಲ್ಲಿ ವಾದ ಇರಬಾರದು ಅಂತ ಎರಡು ಸಾಲು ಹೊಡೆದಳು, ವ್ಯಾಕರಣ ತಿದ್ದಿದಳು. 'ಬರಬೇಕಿರುವ' ಅನ್ನುವುದನ್ನು ಹಾಗೇ ಬಿಟ್ಟಳು. ಸೂಚಕರ ಹೆಸರನ್ನು ಟೈಪು ಮಾಡಿದಳು. ಬೆರಳಿಗೆ ಕಟ್ಟಿಲ್ಲ, ಕಟ್ಟಿರುವುದು ನಾಲಿಗೆಗೆ. ನೋಟಿಸು ಕೊಟ್ಟ ದಿನ, ಸಭೆಯ ದಿನ ಎರಡನ್ನೂ ಬಿಟ್ಟು ನಡುವೆ ಏಳು ಪೂರ್ಣ ದಿನ ಇರಬೇಕು. ಎಣಿಸಿ ದಿನಾಂಕ ಹಾಕಿದಳು.

ಸಭೆಗೆ ನಾಲ್ಕು ದಿನ ಇರುವಾಗ ಲೊರೆಂಗಾವಿನ ಆಸ್ಪತ್ರೆಯಿಂದ ಮಥಿಯಾಸರಿಗೆ ಕರೆ ಬಂತು. ಕಣ್ಣಿನ ಡಾಕ್ಟರು ಬಂದಿದ್ದಾರೆ, ಈಗ ಬಿಟ್ಟರೆ ಇನ್ನು ಬರುವ ವರ್ಷ. ಮುದುಕಪ್ಪ ಚಾಪೆ ಸುತ್ತಿ ಹೊರಟರು. ಒಡೀಲಿಯಾ ದಂಡೆಯವರೆಗೂ ಹಿಂದೆ ಹೋದಳು.

"ನೀವಿಲ್ದೆ ಪಟ್ಟಿ ಯಾರು ಕೂಗ್ತಾರೆ?"

"ಮೇಜಿನ ಮುಂದೆ ಕೂತೋರು."

"ಒಂಬತ್ತನೇದು?"

ಮಥಿಯಾಸ್ ಅಡಿಕೆ ಬಾಯಿಗೆ ಹಾಕಿ, ಸುಣ್ಣ ನೆಕ್ಕಿ, ದೋಣಿ ಹತ್ತಿ ಕೂತ ಮೇಲೆ ಉತ್ತರ ಕೊಟ್ಟರು. "ನಾನೇ ಕಣ್ಣು ಕೇಳೋಕೆ ಹೊರಟಿದೀನಿ ಮಗಳೇ. ನನ್ನ ಹತ್ರ ಬಾಯಿ ಕೇಳ್ತೀಯಲ್ಲ."

ಪಟ್ಟಿಯನ್ನು ಬಾಗಿಲು ಕಾಯುವವನ ಕೈಲಿ ಕೂಗಿಸಬಹುದೇ ಅಂತ ಪುಸ್ತಕ ನೋಡಿದಳು. ಕಾರ್ಯದರ್ಶಿಯೇ ಕೂಗಬೇಕು ಅಂತಿತ್ತು. ನಿಯಮ ಬದಲಾಯಿಸಬಹುದೇ ಅಂತ ನೋಡಿದಳು. ಅದಕ್ಕೂ ಏಳು ಪೂರ್ಣ ದಿನ ಬೇಕು. ಇದ್ದದ್ದು ಮೂರು.

ಸಭೆಯ ದಿನ ತಗಡಿನ ಮಾಡು ಕಾದು ಹೆಂಚಾಗಿತ್ತು. ಕಿಟಕಿಗಳ ಹೊರಗೆ ಅರ್ಧ ದ್ವೀಪ ನಿಂತಿತ್ತು. ಗೊತ್ತುವಳಿ ಅಧ್ಯಕ್ಷರ ಮೇಲೇ ಇದ್ದದ್ದರಿಂದ ಅವರು ಕೆಳಗಿಳಿದು ಸಾಲಿನಲ್ಲಿ ಕೂತರು. ಉಪಾಧ್ಯಕ್ಷ ಕಾಸ್ಪರ್ ಪೀಠ ಹತ್ತಿದ. ಪೀಠದಲ್ಲಿ ಕೂತವನಿಗೆ ಎರಡು ಕಡೆ ಸಮ ಬಂದಾಗ ಮಾತ್ರ ವೋಟು. ಮಿಕ್ಕವರು ಹದಿನಾಲ್ಕು. ಅಧ್ಯಕ್ಷರು ತಮ್ಮ ಪರ ತಾವೇ ವೋಟು ಹಾಕಿಕೊಳ್ಳಬಹುದೇ ಅಂತ ಯಾರೋ ಕೇಳಿದರು. ಹಾಕಬಹುದು. ನಾಚಿಕೆಗೆ ನಿಯಮಾವಳಿಯಲ್ಲಿ ಜಾಗವಿಲ್ಲ.

ಅಲೋಯಿಸ್ ಐದು ನಿಮಿಷ ಮಾತಾಡಿದ. ತಮ್ಮನ ಹೆಸರೆತ್ತಲಿಲ್ಲ. "ಹಂದಿ ಮೂರು ದಿನ ಕಾಯಬಹುದಿತ್ತು" ಅಂತ ಹೇಳಿ ಕೂತ.

ಅಧ್ಯಕ್ಷರು ಎದ್ದರು. "ಹಂದಿ ಕಾಯತ್ತೆ, ಹೆಣ್ಣಿನ ಕಡೆಯೋರು ಕಾಯ್ತಾರಾ? ಈ ಸಭೇಲಿ ಹಂದಿ ಕೊಡದೆ ಮದ್ವೆಯಾದೋರು ಯಾರಿದೀರಿ, ಕೈ ಎತ್ತಿ!"

ನಗು ಎದ್ದಿತು. ಹಿಂದಿನ ಸಾಲಿನಿಂದ ಒಬ್ಬ "ಅಧ್ಯಕ್ಷರ ಹಂದೀನೇ ವಾಪಸು ಬಂದಿತ್ತಂತೆ, ಹುಡುಗನ್ನ ನೋಡಿ!" ಅಂದ. ಇನ್ನೂ ನಗು. ಗರಾಮುಟ್ ಬಡಿಯಿತು.

ಒಡೀಲಿಯಾ ಪಟ್ಟಿ ಹಿಡಿದು ನಿಂತಳು. ಒಂದನೇ ವಾರ್ಡಿನಿಂದ ಶುರುಮಾಡಿದಳು. ಹೆಸರು, ಉತ್ತರ, ಗೀಟು. ಹೆಸರು, ಉತ್ತರ, ಗೀಟು. ದನಿ ತನ್ನದಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಓದುತ್ತಿದ್ದಾರೆ ಅನ್ನಿಸುತ್ತಿತ್ತು. ಎಂಟನೇ ಹೆಸರಿಗೆ "ಇಲ್ಲ" ಬಂತು. ಗೀಟು ಹಾಕಿದಳು. ಒಂಬತ್ತನೇ ಸಾಲಿನ ಮೇಲೆ ಪೆನ್ನು ನಿಂತಿತು. ಕಿಟಕಿಯವರೂ ಅಗಿಯುವುದನ್ನು ನಿಲ್ಲಿಸಿದರು.

ಅವಳು ಹತ್ತನೇ ಹೆಸರು ಕರೆದಳು.

ಹದಿನಾಲ್ಕರವರೆಗೆ ಓದಿ ಕೂತಳು. ಕಿಟಕಿಯಿಂದ ಒಬ್ಬ ಕೂಗಿದ: "ಅಕ್ಕ, ಮೇಜು ತಟ್ಟು! ಮೇಜು ತಟ್ಟು!"

"ಮೇಜು ಹೆಸರಲ್ಲ" ಅಂದರು ಅಧ್ಯಕ್ಷರು, ಕೂತಲ್ಲಿಂದಲೇ. "ಪತ್ರ ಇದೆ."

ಅಲೋಯಿಸ್ ಏಳಬಹುದಿತ್ತು. ನನ್ನ ಹೆಸರು ಕರೆದಿಲ್ಲ ಅಂತ ಕ್ರಮಲೋಪ ಎತ್ತಬಹುದಿತ್ತು. ಏಳಲಿಲ್ಲ. ಎದ್ದು ಹೆಸರು ಕರೆ ಅಂದರೆ, ನನ್ನ ತಮ್ಮ ಸತ್ತ ಅಂತ ಹೇಳು ಅಂದ ಹಾಗೆ. ತೊಲೆ ನೋಡುತ್ತಾ ಕೂತ. ತಾನೇ ತಂದ ಗೊತ್ತುವಳಿಯನ್ನು ಕೈಯಾರೆ ಬಿಟ್ಟುಕೊಟ್ಟ.

"ಲೆಕ್ಕ ಹೇಳಿ" ಅಂದ ಕಾಸ್ಪರ್. ಅವನಿಗೆ ಅವಸರ. ಫಲಿತಾಂಶ ಸಾರಿಬಿಟ್ಟರೆ ಮತ್ತೆ ತಿದ್ದುವಂತಿಲ್ಲ ಅನ್ನುವುದೊಂದು ನಿಯಮ ಅವನಿಗೂ ಹೇಗೋ ಗೊತ್ತಿತ್ತು. "ಬೇಗ. ಸೆಕೆ."

ಒಡೀಲಿಯಾ ಕಾಗದ ನೋಡಿದಳು. ಪರ ಆರು, ವಿರುದ್ಧ ಏಳು. ಹದಿಮೂರು. ತಲೆಯೆತ್ತಿ ಸಾಲು ನೋಡಿದಳು. ಹದಿನಾಲ್ಕು. ಮತ್ತೆ ಕಾಗದ ನೋಡಿದಳು. ಸಂತೆಯಲ್ಲಿ ಬುಟ್ಟಿ ಬೋರಲಾಗುವ ಕ್ಷಣದ ಹಾಗೆ ಕಣ್ಣಿಗೆ ಅದೊಂದೇ ಕಂಡಿತು: ಇಲ್ಲಿ ಕೂತಿರುವ ಮನುಷ್ಯ ಕಾಗದದಲ್ಲಿಲ್ಲ. ಮನೆಯಲ್ಲಿ, ಇಲ್ಲದ ಮನುಷ್ಯನಿಗೆ ತಟ್ಟೆಯಿದೆ. ಎರಡು ಕಡೆಯೂ ಲೆಕ್ಕ ತಪ್ಪು, ಎರಡನ್ನೂ ಬರೆದವಳು ತಾನು.

"ಪೀಠಕ್ಕೆ ವಿನಂತಿ" ಅಂತ ಎದ್ದಳು. "ಫಲಿತಾಂಶ ಸಾರುವ ಮೊದಲು. ಮೂವತ್ತನಾಲ್ಕನೇ ನಿಯಮ. ಪಟ್ಟಿ ಓದುವುದರಲ್ಲಿ ಕಾರ್ಯದರ್ಶಿಯಿಂದ ತಪ್ಪಾಗಿದೆ. ಒಂದು ಹೆಸರು ಬಿಟ್ಟುಹೋಗಿದೆ."

"ಆ ನಿಯಮ ಎಲ್ಲಿದೆ?" ಕಾಸ್ಪರ್ ಕೇಳಿದ.

"ಹತ್ತೊಂಬತ್ತನೇ ಪುಟ. ನಿಮ್ಮ ಪ್ರತಿ ಕಾಲಡಿ ಇದೆ, ಕುರ್ಚಿ ಅಲ್ಲಾಡ್ಬಾರ್ದು ಅಂತ ಇಟ್ಟಿದೀರಿ."

ಯಾರೂ ನಗಲಿಲ್ಲ. ಓದಿ ಅಂತ ಕಾಸ್ಪರ್ ಕೈ ಬೀಸಿದ.

ಅವಳು ಪಟ್ಟಿ ಎತ್ತಿಕೊಂಡಳು. ನಾಲಿಗೆ ಒಣಗಿದೆಯೇನೋ ಅಂತ ನೋಡಿಕೊಂಡಳು; ಒಣಗಿರಲಿಲ್ಲ.

"ಅಲೋಯಿಸ್ ಪೋಮಾಟ್" ಅಂದಳು.

ಮಿಕ್ಕ ಹದಿಮೂರು ಹೆಸರಿನಷ್ಟೇ ಜೋರಾಗಿ, ಅಷ್ಟೇ ಚಪ್ಪಟೆಯಾಗಿ ಹೊರಗೆ ಬಂತು. ಕಿಟಕಿಯಾಚೆ ಒಬ್ಬ ಮುದುಕಿ "ಅಯ್ಯೋ ಸಿಪ್ರಿಯಾನ್" ಅಂತ ಕೂಗಿದಳು. ಅದನ್ನು ಕೇಳಿ ಇನ್ನಿಬ್ಬರು ಅಳಲು ಶುರುಮಾಡಿದರು.

ಅಲೋಯಿಸನಿಗೆ ತೊಲೆಯಿಂದ ಕಣ್ಣು ಕೆಳಗಿಳಿಸಲು ಹೊತ್ತು ಹಿಡಿಯಿತು. ಅವನು ಉತ್ತರ ಕೊಡದೆ ಇರಬಹುದಿತ್ತು. ಮೂರು ಸಲ ಕರೆದೂ ಉತ್ತರ ಬರದಿದ್ದರೆ ಗೈರುಹಾಜರು ಅಂತ ಬರೆಯಬೇಕು, ಅವಳು ಹೇಳಿದ ಮಾತು ಗಾಳಿಗೆ ಹೋಯಿತು ಅಂತ ಮನೆಯವರು ಸಮಾಧಾನ ಮಾಡಿಕೊಳ್ಳಬಹುದು. ಅವಳು ಎರಡನೇ ಸಲಕ್ಕೆ ಉಸಿರು ತೆಗೆದುಕೊಂಡಳು.

"ಹೌದು" ಅಂದ ಅಲೋಯಿಸ್.

ಅವಳು ಗೀಟು ಹಾಕಿದಳು. ಪರ ಏಳು, ವಿರುದ್ಧ ಏಳು.

"ಸಮ" ಅಂದ ಕಾಸ್ಪರ್, ಮುಖ ಅರಳಿಸಿ. "ಪೀಠದ ನಿರ್ಣಾಯಕ ಮತ ವಿರುದ್ಧಕ್ಕೆ. ಗೊತ್ತುವಳಿ ಬಿದ್ದುಹೋಯಿತು. ಊಟಕ್ಕೆ ಏಳಿ."

ಅಧ್ಯಕ್ಷರು ಅಧ್ಯಕ್ಷರಾಗಿಯೇ ಉಳಿದರು. ಊಟಕ್ಕೆ ಅನ್ನ, ಡಬ್ಬಿ ಮೀನು. ಒಡೀಲಿಯಾ ಒಬ್ಬಳೇ ಕೂತು ನಡಾವಳಿ ಟೈಪು ಮಾಡಿದಳು. 'ಕಾರ್ಯದರ್ಶಿಯ ತಪ್ಪನ್ನು ತಿದ್ದಲಾಯಿತು' ಅಂತ ಒಂದು ಸಾಲು ಸೇರಿಸಿದಳು. ಆ ಸಂಜೆ ಒಂದು ತಟ್ಟೆ ಇಟ್ಟಳು. ಉಂಡಾದ ಮೇಲೆ, ಅಳು ಈಗ ಬರಬಹುದು ಅಂತ ಸ್ವಲ್ಪ ಹೊತ್ತು ಕೂತಳು. ಬರಲಿಲ್ಲ. ಐದನೆಯ ಪುಸ್ತಕ ತೆಗೆದಳು.

ಮಾರನೆಯ ದಿನ ಮಧ್ಯಾಹ್ನ ಅಲೋಯಿಸ್ ಬಂದ. ಪೊಟ್ಟಣ ಮೆಟ್ಟಿಲ ಮೇಲೆ ಇಡಲಿಲ್ಲ. ಮೆಟ್ಟಿಲು ಹತ್ತಿ ಜಗಲಿಯ ಅಂಚಿನಲ್ಲಿ ಕೂತ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವನ ಮುಖವನ್ನು ಇಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ. ಕಿವಿ ಸಿಪ್ರಿಯಾನನ ಹಾಗೇ ಇತ್ತು.

"ಒಡೀಲಿಯಾ" ಅಂದ. ಹೇಳಿ ನೋಡಿದ ಅನ್ನಬೇಕು. ಆಮೇಲೆ ಅಡಿಕೆ ಚೀಲ ಬಿಚ್ಚಿ ಒಂದನ್ನು ಅವಳ ಕಡೆ ಚಾಚಿದ. ಅವಳು ಕೈಯಿಂದಲೇ ತಗೊಂಡಳು.

ಇಬ್ಬರೂ ಅಗಿದರು.

"ನಿನ್ನೆ ನನ್ನ ಹೆಸರು ಕರೆದಾಗ ಏನನ್ನಿಸ್ತು?"

"ಏನೂ ಅನ್ನಿಸ್ಲಿಲ್ಲ."

"ನಂಗೂ" ಅಂದ ಅವನು. "ರಾತ್ರಿಯೆಲ್ಲ ಕಾದೆ. ಏನೂ ಇಲ್ಲ."

ದಂಡೆಯಲ್ಲಿ ಯಾರದೋ ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಇಬ್ಬರೂ ಅಭ್ಯಾಸಬಲದಿಂದ ಆ ಕಡೆ ತಿರುಗಿ, ಇಬ್ಬರೂ ವಾಪಸು ತಿರುಗಿದರು.

"ಕಡೇ ಊಟ ಹಾಕ್ಬೇಕಲ್ಲ" ಅಂದ ಅಲೋಯಿಸ್. "ಈ ಶನಿವಾರ ಆಗತ್ತಾ?"

"ಇವತ್ತು ಮಂಗಳವಾರ. ನಮ್ಮ ಕಡೆಯೋರಿಗೆ ಇವತ್ತು ಹೇಳಿ ಕಳಿಸಿದ್ರೆ ಇವತ್ತಿನ ದಿನ ಲೆಕ್ಕಕ್ಕಿಲ್ಲ. ಊಟದ ದಿನವೂ ಲೆಕ್ಕಕ್ಕಿಲ್ಲ." ಅವಳು ಬೆರಳು ಮಡಚಿದಳು. "ನಡುವೆ ಏಳು ಪೂರ್ಣ ದಿನ ಬೇಕು."

"ಸಾವಿಗೂ ನಿಯಮಾವಳೀನಾ?"

"ಹನ್ನೊಂದು ತಿಂಗಳು ನಿಯಮ ಇಲ್ದೆ ನೋಡಿದ್ವಲ್ಲ ಭಾವ."

ಅಲೋಯಿಸ್ ಬಗ್ಗಿ ಅಂಗಳಕ್ಕೆ ಕೆಂಪು ಉಗಿದ. ಅವನೂ ಬೆರಳು ಮಡಚಿ ಎಣಿಸತೊಡಗಿದ: ಬುಧವಾರ, ಗುರುವಾರ. ಭಾನುವಾರಕ್ಕೆ ಬಂದು ತಡವರಿಸಿದ.

"ಭಾನುವಾರವೂ ಸೇರತ್ತೆ" ಅಂದಳು ಒಡೀಲಿಯಾ. ಒಳಗೆ ಹೋಗಿ ಕ್ಯಾಲೆಂಡರು, ಪೆನ್ಸಿಲು ತಂದಳು.